ಕೋಟೆಯಿಂದ ಚೌಬಾರಾದವರೆಗೆ: ಕಲ್ಲನ್ನು ಕಾಯುವ ನಾವು ಕಸುಬನ್ನೇಕೆ ಕಾಯುವುದಿಲ್ಲ?

ಒಂದು ಊರಿನ ಚರಿತ್ರೆಯನ್ನು ತಿಳಿಯಬಯಸುವವರು ಸಾಮಾನ್ಯವಾಗಿ ಅಲ್ಲಿನ ಕೋಟೆ ಕೊತ್ತಲಗಳನ್ನೂ ಗುಡಿ ಗುಮ್ಮಟಗಳನ್ನೂ ನೋಡಿ ಬರುತ್ತಾರೆ. ಅಂಗಡಿಗಳ ಫಲಕಗಳನ್ನು ಓದುತ್ತ ನಡೆಯುವವರು ವಿರಳ. ಮೂರು ದಶಕಗಳಿಗೂ ಮಿಗಿಲಾಗಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿದ ನನಗೆ ಅನ್ನಿಸುವುದೇನೆಂದರೆ, ಫಲಕಗಳ ಓದೂ ಚರಿತ್ರೆಯ ಓದೇ. ಯಾವ ಅಂಗಡಿ ಯಾವಾಗ ಮುಚ್ಚಿತು, ಆ ಜಾಗದಲ್ಲಿ ಏನು ಬಂದಿತು, ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದವನು ಎಲ್ಲಿಗೆ ಹೋದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಆ ಊರು ನಡೆದು ಬಂದ ದಾರಿ ಅರ್ಧಕ್ಕರ್ಧ ತಿಳಿದಂತೆಯೇ. ಈ ದೃಷ್ಟಿಯಿಂದ ನಮ್ಮ ಜಿಲ್ಲಾ ಕೇಂದ್ರವಾದ ಬೀದರಿನ ಹಳೆಯ ಬೀದಿಯೊಂದರ ವಿಚಾರವನ್ನು ಓದುಗ ಮಿತ್ರರ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ಹೇಳುತ್ತಿರುವುದು ಕೋಟೆಯಿಂದ ಹೊರಟು, ತಖ್ತ್-ಎ-ಕಿರ್ಮಾನಿಯ ಕಮಾನನ್ನೂ ಮಹಮೂದ್ ಗವಾನನ ಮದರಸಾವನ್ನೂ ಹಾದು ಚೌಬಾರಾ ತಲುಪುವ ಬೀದಿಯ ವಿಷಯ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಸಾಗಿಸಿದನು. ಹಳೆಯ ಊರಿನ ಎರಡು ಮುಖ್ಯ ರಸ್ತೆಗಳು ಒಂದನ್ನೊಂದು ಕತ್ತರಿಸುವ ಸ್ಥಳದಲ್ಲಿ ಸುಮಾರು 71 ಅಡಿ ಎತ್ತರದ ಗುಂಡನೆಯ ಗೋಪುರವೊಂದು ನಿಂತಿದೆ, ಅದೇ ಚೌಬಾರಾ. ಒಳಗಿನ ಸುತ್ತು ಮೆಟ್ಟಿಲುಗಳನ್ನು ಏರಿದರೆ ಇಡೀ ಊರು, ಊರಾಚೆಯ ಕೆಂಪು ನೆಲ, ದೂರದ ತಗ್ಗು ಪ್ರದೇಶ ಎಲ್ಲವೂ ಕಾಣುವಂತೆ ಅದನ್ನು ಕಟ್ಟಿದ್ದಾರೆ. ಕಾವಲಿಗಾಗಿ ಕಟ್ಟಿದ ಈ ಗೋಪುರವೇ ಮುಂದೆ ಪೇಟೆಯ ನಡುಗಂಬವಾಯಿತು. ಇಂದಿಗೂ ಬೀದರಿನಲ್ಲಿ ಯಾರಾದರೂ ದಾರಿ ಕೇಳಿದರೆ ಮೊದಲು ಹೇಳುವ ಗುರುತು ಚೌಬಾರಾವೇ.

ಈ ಬೀದಿಯ ಅತಿ ಪ್ರಸಿದ್ಧ ಕಟ್ಟಡವಾದ ಮದರಸಾವನ್ನು ಕಟ್ಟಿಸಿದವನು ಅರಸನಲ್ಲ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಇಲ್ಲಿಗೆ ಬಂದು, ಬಹಮನಿ ರಾಜ್ಯದ ಮಂತ್ರಿಯಾಗಿ ಬೆಳೆದ ಖ್ವಾಜಾ ಮಹಮೂದ್ ಗವಾನನು 1472ರಲ್ಲಿ ಅದನ್ನು ಪೂರೈಸಿದನು. ಮೂರು ಅಂತಸ್ತಿನ ಆ ವಿದ್ಯಾಲಯದಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ಗುರು ಶಿಷ್ಯರ ವಸತಿ ಎಲ್ಲವೂ ಇದ್ದವು. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗವೂ ಒಂದು ಮಿನಾರೂ ಉರುಳಿ ಬಿದ್ದವು. ಗವಾನನ ಕಾಲದಲ್ಲಿಯೇ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಇಲ್ಲಿನ ಕುದುರೆ ವ್ಯಾಪಾರವನ್ನೂ ರೇಷ್ಮೆಯನ್ನೂ ಕಂಡು ದಾಖಲಿಸಿದ್ದಾನೆ. ಸರದಾರರ ವೈಭವವನ್ನು ಬಣ್ಣಿಸಿದ ಅವನು ಹಳ್ಳಿಗಾಡಿನ ಜನರ ಬಡತನವನ್ನು ಗಮನಿಸದೆ ಬಿಡಲಿಲ್ಲ. ವ್ಯಾಪಾರಿಯೊಬ್ಬ ವಿದ್ಯಾಲಯ ಕಟ್ಟಿಸಿದ, ಇನ್ನೊಬ್ಬ ವ್ಯಾಪಾರಿ ಬೀದಿಯ ಚಿತ್ರ ಬರೆದಿಟ್ಟ. ಈ ಬೀದಿಯಲ್ಲಿ ವಿದ್ಯೆಗೂ ವ್ಯಾಪಾರಕ್ಕೂ ಅಂದಿನಿಂದಲೇ ನಂಟು.

ಆದರೆ ಈ ಪೇಟೆಗೆ ಲೋಕದಲ್ಲಿ ಹೆಸರು ತಂದದ್ದು ಬಿದ್ರಿ ಕಸುಬು. ಈ ಕೆಲಸ ಇರಾನಿನ ಕಡೆಯಿಂದ ಬಂದಿತೆಂಬುದು ಕಸುಬುದಾರರಲ್ಲಿ ಉಳಿದು ಬಂದ ಪ್ರತೀತಿ. ಎಲ್ಲಿಂದ ಬಂದಿದ್ದರೂ ಅದಕ್ಕೆ ಹೆಸರು ಕೊಟ್ಟದ್ದು ನಮ್ಮ ಊರು. ಹುಕ್ಕಾದ ಬುರುಡೆ, ಪಾನದಾನ, ಸುರಾಹಿ, ಕೈ ತೊಳೆಯುವ ಪಾತ್ರೆ ಮುಂತಾದವು ಇದರ ಹಳೆಯ ಸಾಮಾನುಗಳು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಜೋಪಾನವಾಗಿರುವ ಬಿದ್ರಿ ಹುಕ್ಕಾಗಳನ್ನು ನೋಡಿದವರಿಗೆ ಅದರ ಯೋಗ್ಯತೆ ತಿಳಿದೀತು.

ವಿಜ್ಞಾನ ಬೋಧಿಸಿದವನಾದ್ದರಿಂದ ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುವ ಆಸೆ ನನಗೆ. ನನ್ನ ವಾದಕ್ಕೂ ಅದು ಅವಶ್ಯ. ಮೊದಲಿಗೆ ಸತುವಿನ ಜೊತೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸುತ್ತಾರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಮೈಲುತುತ್ತದ ನೀರು ಹಚ್ಚಿದಾಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಚಿತ್ತಾರ ಬರೆದು, ಉಳಿಯಿಂದ ಸಣ್ಣ ಕಾಲುವೆಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎಂದೂ ತಗಡಿನ ಕೆಲಸಕ್ಕೆ ತಹನಿಶಾನ್ ಎಂದೂ ಹೆಸರು. ಮತ್ತೊಮ್ಮೆ ಉಜ್ಜಿದರೆ ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ, ಚಿತ್ತಾರವೇ ಇಲ್ಲವೇನೋ ಎಂಬಂತೆ ಮರೆಯಾಗುತ್ತದೆ.

ಕೊನೆಯ ಹಂತವೇ ಅದ್ಭುತ. ಬಿಸಿಲು ಮಳೆ ಸೋಕದ ಕೋಟೆಯ ಹಳೆಯ ಗೋಡೆಗಳ ನಡುವಿನ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿದು ಥಟ್ಟನೆ ಹೊಳೆಯುತ್ತದೆ. ತಕ್ಕ ಮಣ್ಣು ಯಾವುದೆಂದು ಹಿರಿಯ ಕಸುಬುದಾರರು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ನನ್ನ ತರಗತಿಯಲ್ಲಿ ಲೋಹಗಳ ಪಾಠ ಬಂದಾಗಲೆಲ್ಲ ಈ ಉದಾಹರಣೆಯನ್ನು ಕೊಡುತ್ತಿದ್ದೆ. ಒಂದೇ ರಾಸಾಯನಿಕಕ್ಕೆ ಎರಡು ಲೋಹಗಳು ಬೇರೆ ಬೇರೆಯಾಗಿ ಸ್ಪಂದಿಸುತ್ತವೆ ಎಂಬುದನ್ನು ಮಕ್ಕಳು ಪುಸ್ತಕದಿಂದ ಮರೆತರೂ ಬಿದ್ರಿಯಿಂದ ಮರೆಯುತ್ತಿರಲಿಲ್ಲ.

ಇಷ್ಟೆಲ್ಲ ಹಂತಗಳನ್ನು ಒಬ್ಬನೇ ಮಾಡುವುದು ಅಪರೂಪ ಎಂಬುದನ್ನು ಓದುಗರು ಗಮನಿಸಬೇಕು. ಎರಕ ಹೊಯ್ಯುವವನು ಒಬ್ಬ, ಉಜ್ಜುವವನು ಇನ್ನೊಬ್ಬ, ಚಿತ್ತಾರ ಕೊರೆಯುವವನು ಮತ್ತೊಬ್ಬ, ಬೆಳ್ಳಿ ಕೂರಿಸುವವನು ಮಗದೊಬ್ಬ. ಬೆಳಿಗ್ಗೆ ಒಂದು ಓಣಿಯಲ್ಲಿ ಎರಕವಾದ ಪಾತ್ರೆ ಸಂಜೆಯ ಹೊತ್ತಿಗೆ ಪಕ್ಕದ ಓಣಿಯ ಜಗಲಿಯಲ್ಲಿ ಉಳಿಯ ಕೆಳಗಿರುತ್ತಿತ್ತು. ಹುಡುಗನೊಬ್ಬ ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಒಯ್ಯುವಷ್ಟು ದೂರದಲ್ಲಿ ಎಲ್ಲರೂ ಇದ್ದರು. ಕಸುಬುದಾರರೇ ತಮ್ಮ ಮನೆಯ ಕೋಣೆಯನ್ನು ‘ಕಾರ್ಖಾನಾ’ ಎಂದು ಕರೆಯುತ್ತಾರೆ. ವಾಸ್ತವವಾಗಿ ಇಡೀ ಬೀದಿಯೇ ಒಂದು ಕಾರ್ಖಾನೆಯಾಗಿತ್ತು. ಅದರ ವಿಭಾಗಗಳ ನಡುವೆ ಗೋಡೆಗಳ ಬದಲು ಓಣಿಗಳಿದ್ದವು. ಆದಕಾರಣ ಬೀದಿಯಲ್ಲಿ ಒಂದೆರಡು ಅಂಗಡಿ ಮುಚ್ಚಿದರೆ ಇತರ ಕಸುಬುಗಳಿಗೆ ಆಗುವ ನಷ್ಟಕ್ಕಿಂತ ಬಿದ್ರಿಗೆ ಆಗುವ ನಷ್ಟ ಹೆಚ್ಚು. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳು ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಔರಾದದಂಥ ತಾಲೂಕಿನವರಿಗೆ ಬೀದರೆಂದರೆ ದೊಡ್ಡ ಪಟ್ಟಣ. ಸುಮಾರು ನಲವತ್ತು ಕಿಲೋಮೀಟರಿನ ಬಸ್ಸಿನ ಪ್ರಯಾಣ ಮುಗಿಸಿ ಇಳಿದರೆ, ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತಿದ್ದವು. 1948ರವರೆಗೆ ನಿಜಾಮರ ಆಡಳಿತ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಆದರೆ ಬೀದಿಯ ಮಾತು ಸರಹದ್ದು ಬದಲಾದಷ್ಟು ಬೇಗ ಬದಲಾಗುವುದಿಲ್ಲ. ಲೆಕ್ಕ ಉರ್ದುವಿನಲ್ಲಿ, ಚೌಕಾಸಿ ಕನ್ನಡದಲ್ಲಿ, ಬೈಗುಳ ಎರಡೂ ಬೆರೆತ ಭಾಷೆಯಲ್ಲಿ! ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ಅತ್ತರು ಮಾರುವವರು, ಹೊಲಿಗೆಯವರು, ಹಿಟ್ಟಿನ ಗಿರಣಿ, ಚಹಾದ ಹೋಟೆಲು, ಇವುಗಳ ನಡುವೆ ಬಿದ್ರಿಯವರ ಟಕಟಕ ಸದ್ದು. ದವಸ ಧಾನ್ಯದ ವ್ಯಾಪಾರಕ್ಕೆ ಗಂಜಿಗೆ ಹೋದ ರೈತನೂ ಮಗಳ ಮದುವೆಯ ಸಾಮಾನಿಗೆ ಈ ಪೇಟೆಗೇ ಬರಬೇಕಾಗಿತ್ತು.

ಇಂದು ಅದೇ ಬೀದಿಯಲ್ಲಿ ನಡೆದರೆ ಮೊಬೈಲ್ ಅಂಗಡಿಗಳು, ಸಿದ್ಧ ಉಡುಪಿನ ಮಳಿಗೆಗಳು, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಕೇಂದ್ರಗಳು, ಅವುಗಳ ಮೇಲೆ ಕಟ್ಟಡದ ಮುಖವನ್ನೇ ಮರೆಮಾಡುವ ಫ್ಲೆಕ್ಸ್ ಫಲಕಗಳು ಎದುರಾಗುತ್ತವೆ. ಫಲಕದ ಹಿಂದೆ ಇಣುಕಿ ನೋಡಿದರೆ ಹಳೆಯ ಗಾರೆಯ ಕಮಾನು, ಸಾಗವಾನಿ ಮರದ ಕಂಬ ಇನ್ನೂ ಅಲ್ಲಲ್ಲಿ ಉಂಟು. ಬಿದ್ರಿಯ ಅಂಗಡಿಗಳೂ ಉಳಿದಿವೆ, ಸಂಪೂರ್ಣ ಅಳಿದಿಲ್ಲ. ಆದರೆ ಮಾರುವ ಅಂಗಡಿ ಉಳಿದಷ್ಟು ಮಾಡುವ ಕೋಣೆ ಉಳಿದಿಲ್ಲ ಎಂಬುದು ನನ್ನ ಆತಂಕ.

ಇದಕ್ಕೆ ಕಾರಣಗಳನ್ನು ಹುಡುಕಹೊರಟರೆ ಯಾರೋ ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲನೆಯದು ಬೆಳ್ಳಿಯ ಬೆಲೆ. 2019ರಲ್ಲಿ ಕಿಲೋಗೆ ಸುಮಾರು ನಲವತ್ತು ಸಾವಿರ ರೂಪಾಯಿ ಇದ್ದ ಬೆಳ್ಳಿ 2025ರಲ್ಲಿ ಒಂದು ಲಕ್ಷವನ್ನು ದಾಟಿ ಮುಂದೆ ಹೋಯಿತು. ಒಂದು ತಟ್ಟೆಗೆ ಇಪ್ಪತ್ತು ಗ್ರಾಂ ಬೆಳ್ಳಿ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಹತ್ತು ತಟ್ಟೆಗಳಿಗೆ ಅಂದು ಎಂಟು ಸಾವಿರ ರೂಪಾಯಿಯ ಬೆಳ್ಳಿ ಸಾಕಾಗಿತ್ತು. ಲಕ್ಷದ ದರದಲ್ಲಿ ಇಪ್ಪತ್ತು ಸಾವಿರ ಬೇಕು. ಆ ಹಣವನ್ನು ಕಸುಬುದಾರ ಮೊದಲೇ ಹಾಕಬೇಕು, ತಟ್ಟೆ ಮಾರಾಟವಾಗುವುದು ಯಾವಾಗಲೋ. ದುಡಿಮೆಯ ಕೂಲಿ ಹೆಚ್ಚಲಿಲ್ಲ, ಹೂಡಿಕೆ ಮಾತ್ರ ಎರಡೂವರೆ ಪಟ್ಟಾಯಿತು. ದೊಡ್ಡ ವ್ಯಾಪಾರಿ ತಾಳಿಕೊಂಡಾನು. ಜಗಲಿಯ ಮೇಲೆ ಕುಳಿತು ಮಾಡುವವನು ಸಾಲಕ್ಕೆ ಬೀಳುತ್ತಾನೆ, ಇಲ್ಲವೇ ಕೂಲಿಗೆ ಹೋಗುತ್ತಾನೆ.

ಎರಡನೆಯದು ರಸ್ತೆ. ಬಂಡಿ, ಜಟಕಾ, ಸೈಕಲ್ಲುಗಳಿಗೆಂದು ಹುಟ್ಟಿದ ಬೀದಿಯಲ್ಲಿ ಕಾರು, ಆಟೋ, ಲಾರಿಗಳು ನುಗ್ಗಿದಾಗ ಅಗಲೀಕರಣ ಅನಿವಾರ್ಯವೆಂದರು. ಹಳೆಯ ಊರಿನ ಅನೇಕ ಮನೆಗಳ ಮುಂಭಾಗ ಒಡೆಯಿತು. ಹೊರಗಿನವರಿಗೆ ಅದು ಕೇವಲ ಜಗಲಿ. ಕಸುಬುದಾರರಿಗೆ ಅದೇ ಬೆಳಕು ಬೀಳುವ ಕೆಲಸದ ಜಾಗ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಕಸುಬಿನಲ್ಲೇ ಕೂದಲು ನರೆತವರು, ಒಮ್ಮೆ ನನಗೆ ಹೇಳಿದ್ದು ಹೀಗೆ: “ರೋಡ್ ಅಗಲ ಆಯ್ತ್ರಿ ಮಾಸ್ತರ್ ಸಾಬ್, ನಮ್ದು ಕೂಡೋ ಜಾಗಾ ಹೋಯ್ತು. ಹಿಂದಿನ ಕೋಣ್ಯಾಗ ಹಗಲಿಗೂ ಲೈಟ್ ಹಚ್ಚಬೇಕು. ಬೆಳ್ಳಿ ತಂತಿ ಕೂಡಸ್ಲಿಕ್ಕ ಕಣ್ಣಿಗಿ ಬೆಳಕ ಬೇಕಲ್ರೀ.” ಪರಿಹಾರದ ಲೆಕ್ಕ ಹಾಕುವಾಗ ಗೋಡೆಯ ಅಳತೆ ತೆಗೆದುಕೊಳ್ಳುತ್ತೇವೆ, ಬೆಳಕಿನ ಅಳತೆ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಮೂರನೆಯದು ಕಾನೂನು. ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆ 1958ರಲ್ಲಿ ಆದ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದಿತು. ಅದರ ಪ್ರಕಾರ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ 100 ಮೀಟರು ನಿಷಿದ್ಧ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಷಿದ್ಧ ಪ್ರದೇಶದಲ್ಲಿ ಹೊಸ ಕಟ್ಟಡ ಕೂಡದು, ದುರಸ್ತಿಗೂ ಅನುಮತಿ ಬೇಕು. ಮದರಸಾದಂಥ ಕಟ್ಟಡದ ಪಕ್ಕದಲ್ಲಿ ಐದಂತಸ್ತಿನ ವಾಣಿಜ್ಯ ಸಂಕೀರ್ಣ ಏಳದಂತೆ ತಡೆಯುವ ಈ ಕಾನೂನು ಅವಶ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ಇನ್ನೊಂದು ಪರಿಣಾಮವನ್ನೂ ಕಾಣಬೇಕು. ಅಣ್ಣ ತಮ್ಮಂದಿರು ಮೂವರಾದರು, ಮನೆ ಒಂದೇ ಉಳಿಯಿತು. ಮೇಲೊಂದು ಅಂತಸ್ತು ಕಟ್ಟುವಂತಿಲ್ಲ. ಸೋರುವ ಮಾಳಿಗೆ ಸರಿಪಡಿಸಲು ಅರ್ಜಿ, ನಕ್ಷೆ, ಛಾಯಾಚಿತ್ರ, ಕಾಯುವಿಕೆ. ಕಾಗದ ಪತ್ರಗಳ ಅಭ್ಯಾಸವಿಲ್ಲದವನು ಸುಮ್ಮನಾಗುತ್ತಾನೆ. ಎರಡು ಮಳೆಗಾಲದಲ್ಲಿ ಗೋಡೆ ತಾನಾಗಿಯೇ ಕುಸಿಯುತ್ತದೆ. ಕಟ್ಟುವುದನ್ನು ತಡೆಯುವ ಕಾನೂನು ನಮ್ಮಲ್ಲಿದೆ, ಬೀಳುವುದನ್ನು ತಡೆಯುವ ವ್ಯವಸ್ಥೆ ಇಲ್ಲ.

ನಾಲ್ಕನೆಯದು ಮಕ್ಕಳ ಆಯ್ಕೆ. ಆ ಹಿರಿಯರ ಮಗ, ಅಂದರೆ ನನ್ನ ವಿದ್ಯಾರ್ಥಿ, ಈಗ ಹೈದರಾಬಾದಿನಲ್ಲಿ ಕಂಪನಿಯೊಂದರ ಗೋದಾಮಿನಲ್ಲಿದ್ದಾನೆ. ಉಳಿ ಹಿಡಿದರೆ ತಂದೆಯಷ್ಟೇ ಚುರುಕಾಗಿದ್ದ ಹುಡುಗ. ಯಾಕಪ್ಪಾ ಬಿಟ್ಟೆ ಎಂದು ಕೇಳಿದಾಗ ಅವನು ಕೊಟ್ಟ ಉತ್ತರಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ: “ಸರ್, ಅಬ್ಬಾ ಹದಿನೈದು ದಿನ ಕೂತು ಮಾಡಿದ್ದು ಮಾರಾಟ ಆಗ್ಲಿಕ್ಕ ಮೂರು ತಿಂಗಳ ಬೇಕು. ನನಗ ಒಂದನೇ ತಾರೀಖಿಗಿ ಪಗಾರ ಬರ್ತದ.” ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗನಿಗೆ ಪರಂಪರೆಯ ಉಪದೇಶ ಮಾಡುವ ಹಕ್ಕು, ತಿಂಗಳು ತಿಂಗಳೂ ಪಿಂಚಣಿ ಎಣಿಸುವ ನನ್ನಂಥವನಿಗೆ ಇದೆಯೆಂದು ನಾನು ಭಾವಿಸಿಲ್ಲ.

ಇಲ್ಲಿ ಕೆಲವರು ಆಕ್ಷೇಪ ಎತ್ತಬಹುದು. “ಕಾಲ ಬದಲಾಗುತ್ತದೆ ಸ್ವಾಮಿ, ಬೀದಿ ಬದಲಾಗದೆ ಇರುತ್ತದೆಯೇ? ಮೊಬೈಲ್ ಅಂಗಡಿಯವನೂ ಹೆಂಡತಿ ಮಕ್ಕಳನ್ನು ಸಾಕುವವನೇ ಅಲ್ಲವೇ?” ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಹಿಂದಿನದೆಲ್ಲ ಹೊನ್ನಾಗಿತ್ತೆಂದು ಹಾಡಿ ಹೊಗಳುವ ಜಾಯಮಾನ ನನ್ನದಲ್ಲ. ಆ ಕಾರ್ಖಾನೆಗಳಲ್ಲಿ ಹೊಗೆ ಇತ್ತು, ಲೋಹದ ಪುಡಿ ಇತ್ತು, ಓದಬೇಕಾದ ವಯಸ್ಸಿನ ಹುಡುಗರು ದಿನವಿಡೀ ಅರ ಉಜ್ಜುತ್ತಿದ್ದರು. ಅಂಥ ಹುಡುಗರನ್ನು ಶಾಲೆಗೆ ಕರೆತರಲು ಮನೆ ಮನೆ ತಿರುಗಿದವರಲ್ಲಿ ನಾನೂ ಒಬ್ಬ. ಇಕ್ಕಟ್ಟಾದ ಓಣಿಯಲ್ಲಿ ಹೆರಿಗೆಯ ಹೆಣ್ಣುಮಗಳನ್ನು ಆಸ್ಪತ್ರೆಗೆ ಸಾಗಿಸುವ ಕಷ್ಟವನ್ನು ಬಲ್ಲವರು ಅಗಲವಾದ ರಸ್ತೆಯನ್ನು ಹಳಿಯಲಾರರು.

ಬಿದ್ರಿಯೂ ಬದಲಾಗದೆ ಉಳಿದದ್ದಲ್ಲ. ಹುಕ್ಕಾ ಹೋದಾಗ ಹೂದಾನಿ ಬಂದಿತು, ಪಾನದಾನ ಹೋದಾಗ ಸನ್ಮಾನದ ಸ್ಮರಣಿಕೆ ಬಂದಿತು. ಈಗ ಕಿವಿಯೋಲೆ, ಪೆನ್ನು, ಕೀಲಿಗೊಂಚಲುಗಳನ್ನೂ ಮಾಡುತ್ತಾರೆ. ಐನೂರು ವರ್ಷಗಳಿಂದ ಗಿರಾಕಿ ಬದಲಾದಂತೆ ಸಾಮಾನೂ ಬದಲಾಗುತ್ತ ಬಂದಿದೆ. ಬದಲಾವಣೆಯನ್ನು ಅರಗಿಸಿಕೊಳ್ಳುವ ಶಕ್ತಿ ಆ ಕಸುಬಿಗೆ ಇದ್ದೇ ಇದೆ. ಅದಕ್ಕೆ ಬೇಕಾದದ್ದು ಕುಳಿತುಕೊಳ್ಳಲು ಜಾಗ, ಬೆಳಕು, ನಡೆದು ಹೋಗುವಷ್ಟು ಹತ್ತಿರದಲ್ಲಿ ಜೊತೆಗಾರರು ಮತ್ತು ಬೆಳ್ಳಿಗೆ ಮುಂಗಡ. ನಾವು ಇವುಗಳನ್ನು ಬಿಟ್ಟು ಬೇರೆಲ್ಲವನ್ನೂ ಕೊಟ್ಟಿದ್ದೇವೆ.

ಏನೇನು ಕೊಟ್ಟಿದ್ದೇವೆಂದು ನೋಡಿ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2014ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಗಮನಿಸಬೇಕಾದ ತಾಣಗಳ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿತು. ಅದೇ ವರ್ಷ ದಖ್ಖನಿನ ಸುಲ್ತಾನರ ಕಾಲದ ಸ್ಮಾರಕಗಳ ಜೊತೆ ಬೀದರಿನ ಹೆಸರು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹೋಯಿತು. 2023ರಲ್ಲಿ ನಮ್ಮ ಊರಿನ ಹಿರಿಯ ಬಿದ್ರಿ ಕಲಾವಿದರಾದ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಪ್ರತಿಯೊಂದೂ ಹೆಮ್ಮೆಪಡಬೇಕಾದ ಸಂಗತಿ. ಆದರೆ ಭೌಗೋಳಿಕ ಸೂಚಿ ಕಾಯುವುದು ಹೆಸರನ್ನು. ಬೇರೆ ಊರಿನವರು ಈ ಹೆಸರಿಟ್ಟು ಮಾರಬಾರದೆಂದು ಅದು ಹೇಳಬಲ್ಲದು, ಈ ಊರಿನವರು ಮಾಡುತ್ತಲೇ ಇರಬೇಕೆಂದು ಹೇಳಲಾರದು. ಪ್ರಶಸ್ತಿ ಒಬ್ಬ ಶ್ರೇಷ್ಠನನ್ನು ಗೌರವಿಸುತ್ತದೆ. ಅವನ ಪಕ್ಕದ ಮನೆಯ ಎರಕದವನ ಬಾಡಿಗೆಯನ್ನು ಕಟ್ಟುವುದಿಲ್ಲ. ಪುಷ್ಪ ಮಾಲೆಯನ್ನು ಕೊರಳಿಗೆ ಹಾಕಿ ಕಾಲ ಕೆಳಗಿನ ನೆಲ ಜಾರಲು ಬಿಟ್ಟಂತಾಗಿದೆ ನಮ್ಮ ರೀತಿ.

ಕಸುಬುದಾರರನ್ನು ಊರ ಹೊರಗೆ ಹೊಸ ಬಡಾವಣೆಗೆ ಸಾಗಿಸಿದರೆ ಸಮಸ್ಯೆ ಬಗೆಹರಿಯುತ್ತದೆ ಎನ್ನುವವರೂ ಇದ್ದಾರೆ. ಕುಲುಮೆಯ ಕೆಲಸಕ್ಕೆ ಅದು ಒಳ್ಳೆಯದೇ ಇರಬಹುದು. ಗಾಳಿ ಬೆಳಕು ಚೆನ್ನಾಗಿದ್ದರೆ ಆರೋಗ್ಯಕ್ಕೂ ಹಿತ. ಆದರೆ ಕೋಟೆ ನೋಡಲು ಬಂದ ಪ್ರವಾಸಿ ನಡೆಯುವುದು ಈ ಹಳೆಯ ಬೀದಿಯಲ್ಲಿ. ಅವನ ಕಣ್ಣೆದುರು ಉಳಿ ಆಡಿದರೆ ಮಾತ್ರ ಆ ಕಪ್ಪು ತಟ್ಟೆಯ ಬೆಲೆ ಅವನಿಗೆ ಅರ್ಥವಾಗುತ್ತದೆ. ಮಾಡುವವನನ್ನು ಕಾಣದ ಗಿರಾಕಿಗೆ ಬಿದ್ರಿಯೂ ಯಂತ್ರದ ಸಾಮಾನೂ ಒಂದೇ. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಕಲಬುರಗಿಯ ಕಡೆಯವರಿಗೆ ಬೀದರು ಹತ್ತಿರವಾಗಿದೆ. ಬಂದವರಿಗೆ ತೋರಿಸಲು ಬೀದಿಯಲ್ಲಿ ಕಸುಬೇ ಇಲ್ಲದಿದ್ದರೆ ಅವರು ಕಲ್ಲನ್ನು ನೋಡಿ, ಚಹಾ ಕುಡಿದು, ಹಿಂದಿರುಗುತ್ತಾರೆ.

ಬೇರೆ ಊರುಗಳು ಏನು ಮಾಡಿವೆ ಎಂದು ನೋಡುವುದೂ ಉಚಿತ. ಅಹಮದಾಬಾದಿನ ಹಳೆಯ ಊರನ್ನು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಅದು. ಅಲ್ಲಿನ ‘ಪೋಳ್’ ಎಂಬ ಓಣಿಗಳ ಹಳೆಯ ಮರದ ಮನೆಗಳ ಒಡೆಯರಿಗೆ ಒಂದು ಸೌಲಭ್ಯವಿದೆ. ಮನೆಯನ್ನು ಇದ್ದಂತೆ ಉಳಿಸಿಕೊಂಡರೆ, ತಾವು ಬಿಟ್ಟುಕೊಟ್ಟ ಕಟ್ಟುವ ಹಕ್ಕನ್ನು ನಗರದ ಬೇರೆಡೆ ಕಟ್ಟುವ ಬಿಲ್ಡರಿಗೆ ಮಾರಿ, ಆ ಹಣದಲ್ಲಿ ಮನೆಯ ದುರಸ್ತಿ ಮಾಡಿಸಬಹುದು. ಊರಿಗಾಗಿ ತನ್ನ ಹಕ್ಕನ್ನು ಬಿಟ್ಟವನಿಗೆ ಊರು ಬೆಲೆ ಕೊಡುವ ಕ್ರಮವಿದು. ಬೀದರಿನಷ್ಟು ಸಣ್ಣ ನಗರದಲ್ಲಿ ಅದು ಯಥಾವತ್ತಾಗಿ ನಡೆಯಲಿಕ್ಕಿಲ್ಲ. ಆದರೆ ಅದರ ಹಿಂದಿನ ನ್ಯಾಯ ನಮಗೂ ಅನ್ವಯಿಸುತ್ತದೆ.

ಬರಿದೆ ಕೊರಗುವುದು ಮೇಷ್ಟ್ರಿಗೆ ಶೋಭಿಸುವುದಿಲ್ಲವಾದ್ದರಿಂದ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ, ಈ ಬೀದಿಯ ಮತ್ತು ಸುತ್ತಲಿನ ಓಣಿಗಳ ಪ್ರತಿಯೊಂದು ಕಾರ್ಖಾನೆಯ ಪಟ್ಟಿ ಸಿದ್ಧವಾಗಬೇಕು. ಎಲ್ಲಿ ಎರಕ, ಎಲ್ಲಿ ಕೆತ್ತನೆ, ಯಾವ ಹಿರಿಯರ ಬಳಿ ಶಿಷ್ಯರಿದ್ದಾರೆ, ಯಾರ ಬಳಿ ಇಲ್ಲ ಎಂಬುದು ಅದರಲ್ಲಿರಬೇಕು. ಊರಿನ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳೇ ಒಂದು ಬೇಸಿಗೆ ರಜೆಯಲ್ಲಿ ಇದನ್ನು ಮಾಡಬಲ್ಲರು. ಯಾವ ಕೊಂಡಿ ಕಳಚುತ್ತಿದೆಯೆಂದು ತಿಳಿಯದೆ ಸರಪಳಿಯನ್ನು ಬೆಸೆಯುವುದು ಹೇಗೆ?

ಎರಡನೆಯದಾಗಿ, ನೆಲ ಅಂತಸ್ತಿನಲ್ಲಿ ಕಸುಬು ನಡೆಸುವ ಮನೆಗಳಿಗೆ ನಗರಾಡಳಿತ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಸ್ಮಾರಕಗಳ ಸಮೀಪದ ಮನೆಗಳ ದುರಸ್ತಿಗೆ ಅರ್ಜಿ ತುಂಬಿಕೊಟ್ಟು, ನಕ್ಷೆ ಬರೆದುಕೊಟ್ಟು, ಅನುಮತಿ ಬರುವವರೆಗೆ ಬೆನ್ನು ಹತ್ತುವ ಒಬ್ಬ ನೌಕರನನ್ನು ನೇಮಿಸಲಿ. ಕಾನೂನನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಕಾನೂನಿನೊಳಗೇ ಇರುವ ದಾರಿಯನ್ನು ಬಡವನಿಗೂ ನಡೆಯುವಂತೆ ಮಾಡಿ ಎನ್ನುತ್ತಿದ್ದೇನೆ.

ಮೂರನೆಯದಾಗಿ, ಬೆಳ್ಳಿಯನ್ನು ತೂಕದಲ್ಲಿ ಸಾಲ ಕೊಡುವ ವ್ಯವಸ್ಥೆ ಬರಲಿ. ಕಸುಬುದಾರ ಇಂದು ನೂರು ಗ್ರಾಂ ಪಡೆದರೆ ಸಾಮಾನು ಮಾರಿದ ದಿನ ಅದರ ಬೆಲೆಯನ್ನು ಕಟ್ಟಲಿ. ಸಹಕಾರಿ ಸಂಘಗಳನ್ನು ಕಟ್ಟಿ ಬೆಳೆಸಿದ ಜಿಲ್ಲೆ ನಮ್ಮದು. ಬೀಜ ಗೊಬ್ಬರಕ್ಕೆ ಸಾಲ ಕೊಡಬಲ್ಲವರು ಬೆಳ್ಳಿಗೇಕೆ ಕೊಡಲಾರರು?

ನಾಲ್ಕನೆಯದು ನಮ್ಮ ಕೈಯಲ್ಲೇ ಇರುವಂಥದು. ಜಿಲ್ಲೆಯಲ್ಲಿ ನಡೆಯುವ ಸಭೆ ಸಮಾರಂಭಗಳಲ್ಲಿ ಪ್ಲಾಸ್ಟಿಕ್ಕಿನ ಫಲಕ, ಗಾಜಿನ ಪೆಟ್ಟಿಗೆಗಳ ಬದಲು ಒಂದು ಸಣ್ಣ ಬಿದ್ರಿ ವಸ್ತುವನ್ನು ಕೊಡೋಣ. ಅದರ ಜೊತೆ ಮಾಡಿದವರ ಹೆಸರು, ಬಳಸಿದ ಬೆಳ್ಳಿಯ ತೂಕ ಬರೆದ ಚೀಟಿ ಇರಲಿ. ನೇರವಾಗಿ ಈ ಬೀದಿಯಿಂದಲೇ ಕೊಳ್ಳೋಣ. ಗಿರಾಕಿ ಇದ್ದಲ್ಲಿ ಕಸುಬಿಗೆ ಉಪದೇಶ ಬೇಕಾಗಿಲ್ಲ.

ಇದು ಬೀದರ್ ನಗರಕ್ಕಷ್ಟೇ ಸೀಮಿತವಾದ ವಿಚಾರವೂ ಅಲ್ಲ. ನಮ್ಮ ಔರಾದದ ಪೇಟೆಯಲ್ಲಿ ಕೂರಿಗೆ, ರಂಟೆ, ಬಂಡಿಯ ಗಾಲಿ ಮಾಡುವ ಬಡಿಗ ಕಮ್ಮಾರರ ಸಾಲೇ ಇತ್ತು. ಟ್ರ್ಯಾಕ್ಟರು ಬಂದ ಮೇಲೆ ಆ ಸಾಲು ಬಿಡಿ ಭಾಗಗಳ ಅಂಗಡಿಗಳಿಗೂ ಗೊಬ್ಬರದ ಮಳಿಗೆಗಳಿಗೂ ಎಡೆ ಮಾಡಿಕೊಟ್ಟಿತು. ಭಾಲ್ಕಿಯಲ್ಲಿ ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಭಾಗದವರಿಗೆಲ್ಲ ಗೊತ್ತು. ಹೊರಗಿನ ಫಲಕ ಏನೇ ಇರಲಿ, ಒಳಗೆ ನಡೆಯುವ ಕೆಲಸ ಮುಖ್ಯವೆಂದು ಆ ಹಿರಿಯರು ತೋರಿಸಿಕೊಟ್ಟರು. ಇಂದು ಚೌಬಾರಾದ ಬೀದಿಯಲ್ಲಿ ಅದು ತಿರುವುಮುರುವಾಗುವ ಅಪಾಯವಿದೆ: ಹೊರಗೆ ‘ಬಿದ್ರಿ’ ಎಂಬ ಫಲಕ ಉಳಿದು, ಒಳಗೆ ಉಳಿಯ ಸದ್ದು ನಿಂತುಹೋಗಬಹುದು.

ಸಿಡಿಮದ್ದು ಉರುಳಿಸಿದ ಮದರಸಾದ ಮಿನಾರನ್ನು ಮತ್ತೆ ಕಟ್ಟಲು ಯಾರಿಂದಲೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ. ಬಿದ್ದ ಕಲ್ಲು ಬಿದ್ದ ಹಾಗೆಯೇ ಚರಿತ್ರೆಯನ್ನು ಹೇಳುತ್ತದೆ. ಕಸುಬು ಹಾಗಲ್ಲ. ಮಣ್ಣಿನ ರುಚಿ ಬಲ್ಲ ನಾಲಿಗೆಯೊಂದು ಶಿಷ್ಯನಿಗೆ ಹೇಳಿಕೊಡದೆ ಮಣ್ಣು ಸೇರಿದರೆ ಆ ಜ್ಞಾನದ ಅವಶೇಷವೂ ಉಳಿಯುವುದಿಲ್ಲ. ಬರುವ ಬೇಸಿಗೆ ರಜೆಯಲ್ಲಿ ಕಾರ್ಖಾನೆಗಳ ಪಟ್ಟಿ ಮಾಡಲು ಕೈಜೋಡಿಸುವ ಶಿಕ್ಷಕ ಮಿತ್ರರಿದ್ದರೆ, ಮಕ್ಕಳ ಜೊತೆ ಓಣಿ ಓಣಿ ತಿರುಗಲು ಈ ವಯಸ್ಸಿನಲ್ಲಿಯೂ ನಾನು ಸಿದ್ಧನಿದ್ದೇನೆ.